ಬಿಡುಗಡೆಯ ಮರುದಿನ

ದೆಹಲಿ ಮೆಟ್ರೋದ ನೀಲಿ ಮಾರ್ಗದಲ್ಲಿ ಕರೋಲ್ ಬಾಗ್‌ನಿಂದ ಪಶ್ಚಿಮಕ್ಕೆ ಹೊರಟರೆ ಹತ್ತನೆಯ ನಿಲ್ದಾಣ ತಿಲಕ್ ನಗರ. ಅರ್ಧ ಗಂಟೆಯೂ ಹಿಡಿಯದ ದಾರಿ. ಹೊರಡುವ ಕಡೆ ಗಫಾರ್ ಮಾರ್ಕೆಟ್ಟಿನ ಮೊಬೈಲ್ ಅಂಗಡಿಗಳು, ಟ್ಯಾಂಕ್ ರೋಡಿನ ಸಗಟು ಜೀನ್ಸ್ ವ್ಯಾಪಾರ, ಅಜ್ಮಲ್ ಖಾನ್ ರಸ್ತೆಯ ಜನಜಂಗುಳಿ. ನಡುವೆ, ಮೋತಿ ನಗರದ ಆಸುಪಾಸಿನಲ್ಲಿ, ಹನಿ ಸಿಂಗ್ ಬೆಳೆದ ಕರಮ್‌ಪುರ. ತಲುಪುವ ಕಡೆ ಪ್ರಭ್ ದೀಪ್ ಅವರ ತಿಲಕ್ ನಗರ. ಆ ಓಣಿಗಳ ಮಾದಕ ವಸ್ತುವನ್ನೂ ಹೊಡೆದಾಟವನ್ನೂ ಅವರು 2017ರ ‘ಕ್ಲಾಸ್-ಸಿಖ್’ ಆಲ್ಬಮ್ಮಿನಲ್ಲಿ ಹಾಡಾಗಿಸಿದರು. ಅಲ್ಲಿಂದ ಒಂದು ಆಟೋ ಹತ್ತಿದರೆ ಸ್ವಲ್ಪ ದೂರದಲ್ಲೇ ತಿಹಾರ್ ಜೈಲಿನ ಗೋಡೆ. ರ‍್ಯಾಪ್ ಕಲಿಯುವ ಹುಡುಗ ಫೋನ್ ಕೊಳ್ಳುವ ಮಾರುಕಟ್ಟೆ, ಅವನು ಮೆಚ್ಚುವವರು ಬೆಳೆದ ಗಲ್ಲಿ, ಕಾಲು ಜಾರಿದರೆ ಹೋಗಿ ಬೀಳುವ ಜಾಗ, ಮೂರೂ ಹೆಚ್ಚೂಕಡಿಮೆ ಒಂದೇ ಟಿಕೆಟ್ಟಿನ ದೂರದಲ್ಲಿವೆ.

ಹೋಗುವ ದಾರಿ ಇಷ್ಟು ಸಲೀಸು. ವಾಪಸ್ ಬರುವ ದಾರಿಯ ಬಗ್ಗೆ ಮಾತು ಕಡಿಮೆ. ಜೈಲಿನಿಂದ ಹೊರಬಂದ ಒಬ್ಬ ರ‍್ಯಾಪರ್ ಮತ್ತೆ ರ‍್ಯಾಪರ್ ಆಗುವುದು ಹೇಗೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಪ್ರತಿಭೆ ಇದ್ದವನನ್ನು ಯಾರೂ ತಡೆಯಲಾರರು ಎಂಬುದು ಒಂದು. ಜೈಲಿಗೆ ಹೋಗಿಬಂದವನ ಕೈಗೆ ಮೈಕ್ ಯಾಕೆ ಕೊಡಬೇಕು ಎಂಬುದು ಇನ್ನೊಂದು. ಎರಡೂ ಸುಲಭದ ಮಾತು. ಪ್ರತಿಭೆಯನ್ನು ತಡೆಯಲು ಕಲ್ಲಿನ ಗೋಡೆಯೇ ಬೇಕಿಲ್ಲ, ಇತ್ಯರ್ಥವಾಗದ ಒಂದು ಅರ್ಜಿ ಸಾಕು. ಮೈಕ್ ಯಾಕೆ ಎಂದು ಕೇಳುವವರು, ಶಿಕ್ಷೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಂಡೇ ಇರುವುದಿಲ್ಲ. ನ್ಯಾಯಾಧೀಶರು ಹೇಳಿದ ದಿನ ಮುಗಿಯುತ್ತದೆಯೇ, ಜಾಮೀನು ಸಿಕ್ಕಿದ ದಿನವೇ, ಅಥವಾ ಎಂದೂ ಮುಗಿಯುವುದಿಲ್ಲವೇ?

ಹೆಸರಿಲ್ಲದ ಒಬ್ಬ ಹುಡುಗನನ್ನು ಇಟ್ಟುಕೊಂಡು ಯೋಚಿಸಬಹುದು. ವಯಸ್ಸು ಇಪ್ಪತ್ತೆರಡು. ಕರೋಲ್ ಬಾಗ್‌ನ ಹಿಂಬದಿಯ ಗಲ್ಲಿಯೊಂದರಲ್ಲಿ ಮನೆ. ಯೂಟ್ಯೂಬಿನಲ್ಲಿ ಒಂದಷ್ಟು ಹಾಡು, ಕೆಲವು ಸಾವಿರ ಕೇಳುಗರು, ವಾರಾಂತ್ಯಕ್ಕೊಮ್ಮೆ ಯಾವುದೋ ಕೆಫೆಯಲ್ಲಿ ಇಪ್ಪತ್ತು ನಿಮಿಷದ ಕಾರ್ಯಕ್ರಮ. ಒಂದು ರಾತ್ರಿಯ ಗಲಾಟೆಯಲ್ಲಿ ಅವನ ಹೆಸರೂ ಎಫ್‌ಐಆರ್‌ಗೆ ಸೇರುತ್ತದೆ. ಒಂದು ವರ್ಷ ಒಳಗಿರುತ್ತಾನೆ. ವಿಚಾರಣೆ ಶುರುವೇ ಆಗಿಲ್ಲ. ಕೊನೆಗೆ ಜಾಮೀನು.

ಇದು ಅಪರೂಪದ ಚಿತ್ರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು. ದೆಹಲಿಯಲ್ಲಿ ಈ ಪಾಲು ಹತ್ತರಲ್ಲಿ ಒಂಬತ್ತರ ಹತ್ತಿರ. ಜೈಲಿನಿಂದ ಬಂದವನು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಅಪರಾಧಿ. ಲೆಕ್ಕದ ಪ್ರಕಾರ ಅವನು ಇನ್ನೂ ಯಾವ ತೀರ್ಪನ್ನೂ ಕಾಣದವನಾಗಿರುವ ಸಾಧ್ಯತೆಯೇ ಹೆಚ್ಚು.

ಅವನು ಹೊರಬಂದ ಮರುದಿನ ಏನಾಗುತ್ತದೆ? ಮೊದಲ ತೊಡಕು ಫೋನ್. ಬಂಧನದ ದಿನ ಪೊಲೀಸರು ಜಪ್ತಿ ಮಾಡಿದ ಫೋನ್ ಈಗ ಸಾಕ್ಷ್ಯ. ಬಿಡಿಸಿಕೊಳ್ಳಬೇಕಾದರೆ ಕೋರ್ಟಿಗೆ ಇನ್ನೊಂದು ಅರ್ಜಿ, ವಕೀಲರಿಗೆ ಇನ್ನೊಂದು ಫೀಸು. ಬರೆದಿಟ್ಟ ಸಾಲು, ಅರ್ಧ ಮಾಡಿದ ಬೀಟು, ಕಾರ್ಯಕ್ರಮ ಕೊಡಿಸುವವರ ನಂಬರು, ಎಲ್ಲ ಅದರೊಳಗೇ. ಸರಿ, ಗಫಾರ್ ಮಾರ್ಕೆಟ್ಟಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೋನ್ ಕೊಂಡ ಎಂದುಕೊಳ್ಳೋಣ. ಹಳೆಯ ನಂಬರು ಬೇಕಲ್ಲ? ತೊಂಬತ್ತು ದಿನ ಬಳಕೆಯಾಗದೆ, ರೀಚಾರ್ಜ್ ಇಲ್ಲದೆ ಬಿದ್ದಿದ್ದ ಸಿಮ್ಮನ್ನು ಕಂಪನಿ ರದ್ದು ಮಾಡಿ ಇನ್ಯಾರಿಗೋ ಕೊಟ್ಟಿರಬಹುದು. ಪಾಸ್‌ವರ್ಡ್ ಮರೆತಿದ್ದರೆ ಒಟಿಪಿ ಹೋಗುವುದು ಆ ಇನ್ಯಾರಿಗೋ. ಅವನ ಚಾನೆಲ್ ಅಂತರ್ಜಾಲದಲ್ಲಿ ಹಾಗೇ ಇದೆ, ಹಾಡುಗಳು ಓಡುತ್ತಿವೆ. ಬೀಗದ ಕೈ ಮಾತ್ರ ಅವನ ಬಳಿ ಇಲ್ಲ.

ಎರಡನೆಯ ತೊಡಕು ಜಾಮೀನಿನ ಷರತ್ತು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ, ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ ಎಂಬಂಥವು ಸಾಮಾನ್ಯ. ಗುಮಾಸ್ತನಿಗೆ ಇದರಿಂದ ತೊಂದರೆ ಕಡಿಮೆ, ಅವನ ಕಚೇರಿ ಊರಿನಲ್ಲೇ ಇರುತ್ತದೆ. ಹಾಡುವವನ ಕಚೇರಿ ಈ ಶನಿವಾರ ಚಂಡೀಗಢ, ಮುಂದಿನ ಶನಿವಾರ ಪುಣೆ. ರ‍್ಯಾಪರ್‌ನ ಸಂಪಾದನೆ ಇರುವುದು ವೇದಿಕೆಯಲ್ಲಿ. ಆನ್‌ಲೈನಿನಲ್ಲಿ ಹಾಡು ಒಂದು ಬಾರಿ ಕೇಳಿಸಿಕೊಂಡರೆ ಬರುವುದು ಪೈಸೆಗಳ ಲೆಕ್ಕ. ಕರ್ನಾಟಕದ ಹುಡುಗರದ್ದೂ ಇದೇ ಕಥೆ. ಚಂದನ್ ಶೆಟ್ಟಿ, ಆಲ್ ಓಕೆ ಅವರ ನಂತರ ಕನ್ನಡದಲ್ಲಿ ರ‍್ಯಾಪ್ ಮಾಡಲು ಹೊರಟವರಿಗೆ ಯೂಟ್ಯೂಬ್ ತಂದುಕೊಡುವುದು ಹೆಸರು, ಅಕ್ಕಿ-ಬೇಳೆ ತಂದುಕೊಡುವುದು ಕಾಲೇಜು ಫೆಸ್ಟು, ದಸರಾ, ಉತ್ಸವಗಳ ವೇದಿಕೆ. ಊರು ಬಿಡಬೇಡ ಎಂಬ ಒಂದು ಸಾಲು ಅವರ ಪಾಲಿಗೆ ಅಂಗಡಿ ಮುಚ್ಚು ಎಂದಂತೆ. ಹೊರದೇಶದ ಆಹ್ವಾನ ಬಂದರಂತೂ ಮುಗಿಯಿತು. ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಕೋರ್ಟಿನ ಅನುಮತಿ ಇಲ್ಲದೆ ಪಾಸ್‌ಪೋರ್ಟ್ ಸಿಗದು. 1993ರ ಅಧಿಸೂಚನೆಯ ಪ್ರಕಾರ, ಕೋರ್ಟು ಅವಧಿಯನ್ನು ನಮೂದಿಸದಿದ್ದರೆ ಸಿಗುವ ಪಾಸ್‌ಪೋರ್ಟು ಒಂದೇ ವರ್ಷದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಜಾಮೀನಿಗೂ ಒಪ್ಪುತ್ತದೆ.

ಈ ಕಾಗದದ ಸಂಕೋಲೆ ಎಷ್ಟು ಉದ್ದಕ್ಕೆ ಎಳೆಯಬಲ್ಲದು ಎಂಬುದನ್ನು ಸಂಪೂರ್ಣವಾಗಿ ತೋರಿಸಿದ ಪ್ರಕರಣ ಅಮೆರಿಕದ ಫಿಲಡೆಲ್ಫಿಯಾದ್ದು. ಮೀಕ್ ಮಿಲ್ ಎಂಬ ಹೆಸರಿನಿಂದ ಹಾಡುವ ರಾಬರ್ಟ್ ರಿಹ್ಮೀಕ್ ವಿಲಿಯಮ್ಸ್ 2007ರ ಜನವರಿಯಲ್ಲಿ ಬಂಧಿತರಾದಾಗ ಅವರಿಗೆ 19 ವರ್ಷ. ಬಂದೂಕು ಮತ್ತು ಮಾದಕ ವಸ್ತುವಿನ ಆರೋಪ. 2008ರಲ್ಲಿ ಶಿಕ್ಷೆಯಾಯಿತು. ಜೈಲಿನಲ್ಲಿ ಕಳೆದದ್ದು ಕೆಲವು ತಿಂಗಳು. ಆಮೇಲೆ ಹಿಡಿದುಕೊಂಡದ್ದು ಪ್ರೊಬೇಷನ್ ಎಂಬ ನಿಗಾ ವ್ಯವಸ್ಥೆ. ಹೊರಗೆ ಓಡಾಡಬಹುದು, ಆದರೆ ಪ್ರತಿ ಪ್ರಯಾಣಕ್ಕೂ ಅನುಮತಿ ಬೇಕು, ನಿಯಮವೊಂದು ತಪ್ಪಿದರೆ ಮತ್ತೆ ಒಳಗೆ.

ಮೀಕ್ ಮಿಲ್ ಹೆಸರು ಮಾಡಿದರು. 2012ರಲ್ಲಿ ಮೊದಲ ಸ್ಟುಡಿಯೋ ಆಲ್ಬಮ್ ಬಂತು. ಹೆಸರು ಬೆಳೆದಂತೆ ಪ್ರಯಾಣ ಹೆಚ್ಚಿತು, ಪ್ರಯಾಣ ಹೆಚ್ಚಿದಂತೆ ನಿಯಮ ತಪ್ಪುವ ಸಂದರ್ಭವೂ ಹೆಚ್ಚಿತು. 2014ರಲ್ಲಿ ಪ್ರೊಬೇಷನ್ ಉಲ್ಲಂಘನೆಗೆ ಮತ್ತೆ ಜೈಲು. ಹೊರಬಂದ ಮೇಲೆ 2015ರ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2017ರ ನವೆಂಬರ್‌ನಲ್ಲಿ ಬೈಕ್ ಸಾಹಸವೊಂದರ ಮತ್ತು ವಿಮಾನ ನಿಲ್ದಾಣದ ಜಗಳವೊಂದರ ಕಾರಣಕ್ಕೆ ಎರಡರಿಂದ ನಾಲ್ಕು ವರ್ಷದ ಶಿಕ್ಷೆ. ಸರ್ಕಾರಿ ವಕೀಲರೇ ಜೈಲು ಬೇಕೆಂದು ಕೇಳಿರಲಿಲ್ಲ. 2018ರ ಫೆಬ್ರುವರಿಯಲ್ಲಿ ಅವರ ಊರಿನ ಫುಟ್‌ಬಾಲ್ ತಂಡ ಸೂಪರ್ ಬೌಲ್ ಗೆದ್ದಾಗ ಆಟಗಾರರು ಮೈದಾನಕ್ಕಿಳಿದದ್ದು ಅವರ ಹಾಡಿನೊಂದಿಗೆ. ಹಾಡಿದವರು ಕಂಬಿಯ ಹಿಂದಿದ್ದರು.

2018ರ ಏಪ್ರಿಲ್ 24ರಂದು ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಏಳು ತಿಂಗಳಲ್ಲಿ ಬಂದ ‘ಚಾಂಪಿಯನ್‌ಶಿಪ್ಸ್’ ಆಲ್ಬಮ್ ಕೂಡ ಮೊದಲ ಸ್ಥಾನಕ್ಕೇರಿತು. ಮೊದಲು ಬಂಧಿಸಿದ ಪೊಲೀಸ್ ಅಧಿಕಾರಿಯ ಮಾತು ನಂಬಲರ್ಹವಲ್ಲ ಎಂಬ ಪ್ರಶ್ನೆ ಎದ್ದು, 2019ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಹಳೆಯ ತೀರ್ಪನ್ನೇ ರದ್ದು ಮಾಡಿತು. ಮರುತಿಂಗಳು ಅವರು ಬಂದೂಕಿನ ಸಣ್ಣ ಅಪರಾಧವೊಂದನ್ನು ಒಪ್ಪಿಕೊಂಡರು, ಹೆಚ್ಚಿನ ಶಿಕ್ಷೆ ಇಲ್ಲದೆ ಪ್ರಕರಣ ಮುಗಿಯಿತು. 2023ರಲ್ಲಿ ರಾಜ್ಯಪಾಲರ ಕ್ಷಮಾದಾನವೂ ಸಿಕ್ಕಿತು. ಹತ್ತೊಂಬತ್ತರ ಹುಡುಗನ ಒಂದು ರಾತ್ರಿಯ ಪ್ರಕರಣ ಬಿಟ್ಟುಹೋಗುವಷ್ಟರಲ್ಲಿ ಅವರಿಗೆ ಮೂವತ್ತೆರಡು ದಾಟಿತ್ತು.

ಈ ಕಥೆಯನ್ನು ಗೆಲುವಿನ ಕಥೆಯಾಗಿ ಹೇಳುವುದು ರೂಢಿ. ಹಾಗೆ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಮೀಕ್ ಮಿಲ್ ಬಿಡುಗಡೆಯಾದ ದಿನ ಅವರನ್ನು ಕರೆದೊಯ್ಯಲು ಹೆಲಿಕಾಪ್ಟರ್ ಬಂದಿತ್ತು, ಪಕ್ಕದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಸಹ-ಮಾಲೀಕರಿದ್ದರು. ಜೇ-ಝೀ ಅವರಂಥ ಗೆಳೆಯರು, ಒಳ್ಳೆಯ ವಕೀಲರ ತಂಡ, ಬೀದಿಯಲ್ಲಿ ಅಭಿಮಾನಿಗಳ ಮೆರವಣಿಗೆ. ಇಷ್ಟೆಲ್ಲ ಇದ್ದೂ ಹನ್ನೆರಡು ವರ್ಷ. ಇವ್ಯಾವೂ ಇಲ್ಲದವನಿಗೆ ಎಷ್ಟು? ಅದನ್ನು ಮೀಕ್ ಮಿಲ್ ಅವರೇ ಅರ್ಥ ಮಾಡಿಕೊಂಡಂತಿದೆ. 2019ರಲ್ಲಿ ಅವರು ಮತ್ತು ಗೆಳೆಯರು ಪ್ರೊಬೇಷನ್ ಕಾನೂನು ಬದಲಿಸಲೆಂದೇ ರಿಫಾರ್ಮ್ ಅಲಯನ್ಸ್ ಎಂಬ ಸಂಸ್ಥೆ ಕಟ್ಟಿದರು. 2023ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ತನ್ನ ಕಾನೂನು ತಿದ್ದಿತು. ಸಣ್ಣಪುಟ್ಟ ನಿಯಮ ತಪ್ಪಿದ್ದಕ್ಕೆ ಜೈಲಿಗೆ ಕಳಿಸುವುದು ಅಲ್ಲೀಗ ಕಷ್ಟ. ಅವರ ಆಲ್ಬಮ್ಮುಗಳಿಗಿಂತ ಹೆಚ್ಚು ಕಾಲ ಉಳಿಯುವ ಕೆಲಸ ಬಹುಶಃ ಇದೇ.

ಹೆಸರು ಮೊದಲೇ ದೊಡ್ಡದಿದ್ದರೆ ದಾರಿ ಬೇರೆ ಎಂಬುದಕ್ಕೆ ದೆಹಲಿಯ ಸಂಗೀತದಲ್ಲೇ ಉದಾಹರಣೆ ಇದೆ. ದಲೇರ್ ಮೆಹಂದಿ ರ‍್ಯಾಪರ್ ಅಲ್ಲ. ಆದರೆ ಪಶ್ಚಿಮ ದೆಹಲಿಯ ಇಂದಿನ ಪಂಜಾಬಿ ರ‍್ಯಾಪ್ ಬೆಳೆದದ್ದು 1995ರಿಂದ ಈಚೆಗೆ ಅವರಂಥವರು ಹದ ಮಾಡಿದ ನೆಲದಲ್ಲಿ. ತಮ್ಮ ತಂಡದ ಹೆಸರಿನಲ್ಲಿ ಜನರನ್ನು ಅಕ್ರಮವಾಗಿ ವಿದೇಶಕ್ಕೆ ಕರೆದೊಯ್ದ ಆರೋಪದ ಮೇಲೆ 2003ರಲ್ಲಿ ಪಟಿಯಾಲಾದಲ್ಲಿ ಪ್ರಕರಣ ದಾಖಲಾಯಿತು. ಎರಡು ವರ್ಷ ಶಿಕ್ಷೆ ಎಂಬ ತೀರ್ಪು ಬಂದದ್ದು 2018ರ ಮಾರ್ಚ್‌ನಲ್ಲಿ. ಮೇಲ್ಮನವಿ ವಜಾ ಆಗಿ ಅವರು ಜೈಲು ಸೇರಿದ್ದು 2022ರ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಈ ಹತ್ತೊಂಬತ್ತು ವರ್ಷವೂ ಅವರು ಹಾಡುತ್ತಲೇ ಇದ್ದರು, ಸಿನಿಮಾಗಳು ಕರೆಯುತ್ತಲೇ ಇದ್ದವು. ಅವರು ಹಾಡಿದ್ದು ತಪ್ಪಲ್ಲ. ತೀರ್ಪು ಬರುವವರೆಗೆ ದುಡಿಯುವ ಹಕ್ಕು ಯಾರಿಗೂ ಇರಬೇಕು. ಆ ಹಕ್ಕು ಖ್ಯಾತರಿಗೆ ತಾನಾಗಿ ಸಿಗುತ್ತದೆ, ಉಳಿದವರು ಅದನ್ನು ಬೇಡಬೇಕು, ಅಷ್ಟೇ ವ್ಯತ್ಯಾಸ.

ಈ ತಾರತಮ್ಯ ಇನ್ನೂ ಸ್ಪಷ್ಟವಾಗಿ ಕಾಣುವುದು ರಾಜಕೀಯದಲ್ಲಿ. ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯಾಗಿ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಆರು ವರ್ಷ ಕಡಿಮೆಯೋ ಹೆಚ್ಚೋ ಎಂಬುದು ಬೇರೆ ಚರ್ಚೆ. ಗಮನಿಸಬೇಕಾದದ್ದು, ಕಾನೂನು ಅಲ್ಲೊಂದು ಸಂಖ್ಯೆ ಬರೆದಿದೆ. ಏಳನೆಯ ವರ್ಷ ಆ ವ್ಯಕ್ತಿ ಕೈಮುಗಿದು ಮತ ಕೇಳಬಹುದು. ತೀರ್ಪು ಬಾರದಿದ್ದರೆ ಜೈಲಿನಿಂದಲೇ ಸ್ಪರ್ಧಿಸಬಹುದು. ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಹಾಗೆ ಮುಜಫ್ಫರ್‌ಪುರದಿಂದ ಗೆದ್ದರು, ಎಂಜಿನಿಯರ್ ರಶೀದ್ 2024ರಲ್ಲಿ ತಿಹಾರಿನಲ್ಲಿದ್ದುಕೊಂಡೇ ಬಾರಾಮುಲ್ಲಾದಿಂದ ಗೆದ್ದರು. ಅದೇ 2024ರ ಮೇ 10ರಂದು ಅರವಿಂದ ಕೇಜ್ರಿವಾಲ್ ಅವರಿಗೆ ಸುಪ್ರೀಂ ಕೋರ್ಟ್ ಚುನಾವಣಾ ಪ್ರಚಾರಕ್ಕೆಂದು ಜೂನ್ 1ರವರೆಗೆ ಮಧ್ಯಂತರ ಜಾಮೀನು ಕೊಟ್ಟಿತು.

ಆ ಆದೇಶದ ಹಿಂದಿನ ತತ್ವ ಒಳ್ಳೆಯದೇ. ಒಬ್ಬನ ವೃತ್ತಿಗೆ ಒಂದು ಋತುವಿದೆ, ಅದು ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿದಂತಾಯಿತು. ಹಾಡುವವನ ವೃತ್ತಿಗೂ ಋತುವಿದೆ. ರ‍್ಯಾಪ್‌ನಲ್ಲಂತೂ ಅದು ಇನ್ನೂ ಚಿಕ್ಕದು. ಇಪ್ಪತ್ತರಿಂದ ಮೂವತ್ತರ ನಡುವಿನ ನಾಲ್ಕು ವರ್ಷ ಕಳೆದುಹೋದರೆ ಆ ಹೊತ್ತಿಗೆ ಭಾಷೆ ಬದಲಾಗಿರುತ್ತದೆ, ಬೀಟು ಬದಲಾಗಿರುತ್ತದೆ, ಕೇಳುಗರ ಹೊಸ ತಲೆಮಾರು ಬಂದಿರುತ್ತದೆ. ಅಭ್ಯರ್ಥಿಯ ಕೆಲಸಕ್ಕೆ ತೆರೆಯುವ ಬಾಗಿಲು ಹಾಡುಗಾರನ, ಅಡುಗೆಯವನ, ಟೈಲರ್‌ನ ಕೆಲಸಕ್ಕೂ ಸ್ವಲ್ಪ ತೆರೆಯಬೇಡವೇ?

ವಿಚಿತ್ರವೆಂದರೆ, ಗೋಡೆಯ ಒಳಗೆ ಕಲೆಗೆ ಇಲ್ಲಿ ಅಷ್ಟೇನೂ ಬಡತನವಿಲ್ಲ. 1958ರಲ್ಲಿ ಶುರುವಾದ ತಿಹಾರ್ 1990ರ ದಶಕದಲ್ಲಿ ಕಿರಣ್ ಬೇಡಿ ಅವರ ಕಾಲದಿಂದ ಸುಧಾರಣೆಯ ಹೆಸರಿಗೂ ಖ್ಯಾತ. ಅಲ್ಲಿ ‘ತಿಹಾರ್ ಐಡಲ್’ ಎಂಬ ಗಾಯನ ಸ್ಪರ್ಧೆ ನಡೆದಿದೆ, ಕೈದಿಗಳೇ ನಡೆಸುವ ರೇಡಿಯೋ ಬಂದಿದೆ. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರದ್ದು. 1990ರ ದಶಕದ ಕೊನೆಯಿಂದ ಅವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳೊಂದಿಗೆ ನಾಟಕ ಕಟ್ಟಿದರು. ಗಿರೀಶ ಕಾರ್ನಾಡರ ‘ತಲೆದಂಡ’, ಮ್ಯಾಕ್‌ಬೆತ್ ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ದಂಥ ನಾಟಕಗಳನ್ನು ಜೀವಾವಧಿ ಶಿಕ್ಷೆಯವರು ಹೊರಗಿನ ರಂಗಮಂದಿರಗಳಲ್ಲಿ ಪೊಲೀಸ್ ಕಾವಲಿನೊಂದಿಗೆ ಆಡಿದರು. ಕೊಲೆಯ ನೆನಪು ಕೊಲೆಗಾರನ ಕೈಯನ್ನೇ ಬಿಡದೆ ಕಾಡುವ ನಾಟಕವನ್ನು ಅಂಥವರು ಆಡಿದಾಗ ನೋಡುವವರ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ.

ಆದರೆ ಒಳಗೆ ಚಪ್ಪಾಳೆ ಗಿಟ್ಟಿಸಿದವನು ಹೊರಗೆ ಬಂದ ಮೇಲೆ ಅದನ್ನೇ ನಂಬಿ ಬದುಕಲು ಏರ್ಪಾಡು ಎಲ್ಲಿದೆ? ಬಡಗಿ ಕೆಲಸ, ಬೇಕರಿ ಕೆಲಸ ಕಲಿತವನಿಗೆ ಹೇಗೋ ಒಂದು ಕೂಲಿ ಹುಟ್ಟೀತು. ಕಲೆಯನ್ನು ಮಾತ್ರ ಜೈಲು ಇನ್ನೂ ಮನಸ್ಸು ತಿದ್ದುವ ಔಷಧಿ ಎಂದೇ ನೋಡುತ್ತದೆ, ವೃತ್ತಿ ಎಂದು ನೋಡುವುದಿಲ್ಲ. ಕೈದಿ ಹಾಡಿದರೆ ಅಧಿಕಾರಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾಜಿ ಕೈದಿ ಹಾಡಲು ಹೊರಟರೆ ಸಭಾಂಗಣದವರು ಪೊಲೀಸ್ ವೆರಿಫಿಕೇಷನ್ ಕೇಳುತ್ತಾರೆ.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೂ ಒಂದಿದೆ. ಉಳಿದ ವೃತ್ತಿಗಳಲ್ಲಿ ಜೈಲು ಕಳಂಕ. ರ‍್ಯಾಪ್‌ನ ಮಾರುಕಟ್ಟೆಯಲ್ಲಿ ಅದು ಸರಕು ಕೂಡ. ಒಳಗಿದ್ದು ಬಂದವನೇ ಅಸಲಿ ಎಂಬ ನಂಬಿಕೆಯನ್ನು ಅಮೆರಿಕದ ಕಂಪನಿಗಳು ಮೂವತ್ತು ವರ್ಷದಿಂದ ಮಾರಿಕೊಂಡು ಬಂದಿವೆ. ಪಂಜಾಬಿನಲ್ಲಿ ಬಂದೂಕಿನ ಹಾಡಿನ ಮಾರುಕಟ್ಟೆ ಎಷ್ಟು ಬೆಳೆಯಿತೆಂದರೆ, ಸಿಧು ಮೂಸೆವಾಲಾ ಹತ್ಯೆಯಾದ 2022ರಲ್ಲೇ ರಾಜ್ಯ ಸರ್ಕಾರ ಆಯುಧವನ್ನು ವೈಭವೀಕರಿಸುವ ಹಾಡುಗಳನ್ನು ನಿಷೇಧಿಸಿತು. ಹೊರಬಂದ ಹುಡುಗನ ಬಾಗಿಲಿಗೆ ಮೊದಲು ಬರುವ ಕಂಪನಿ ಕೇಳುವುದು ಅವನ ಹೊಸ ಹಾಡನ್ನಲ್ಲ, ಜೈಲಿನ ಕಥೆಯನ್ನು. ಅವನು ಅದನ್ನೇ ಹಾಡುತ್ತ ಕೂತರೆ ಹೊರಗೆ ಬಂದದ್ದಾದರೂ ಎಲ್ಲಿಗೆ?

ಜೈಲಿಗೆ ಹೋಗಿ ಬಂದವರು ಎಂಬುದು ಒಂದು ಕಾಲಕ್ಕೆ ಕನ್ನಡದ ಹಳ್ಳಿಗಳಲ್ಲಿ ಗೌರವದ ಮಾತಾಗಿತ್ತು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಯಾದವರಿಗೆ 1972ರಲ್ಲಿ ಸರ್ಕಾರ ತಾಮ್ರಪತ್ರ ಕೊಟ್ಟಿತು. ಗೌರವ ಸಂದದ್ದು ಅವರು ಹೋದ ಕಾರಣಕ್ಕೆ. ಗೋಡೆ ಯಾರಿಗೂ ಪದಕವನ್ನೂ ಕಳಂಕವನ್ನೂ ತಾನಾಗಿ ಕೊಡುವುದಿಲ್ಲ. ಗಲ್ಲಿಯ ಹೊಡೆದಾಟಕ್ಕೆ ತಾಮ್ರಪತ್ರ ಬೇಕಿಲ್ಲ, ಅದರ ನೆರಳು ಸಾಯುವವರೆಗೂ ಬೆನ್ನು ಹತ್ತಬೇಕಾಗಿಯೂ ಇಲ್ಲ.

ಅಟ್ಲಾಂಟಾದ ಗುಚಿ ಮೇನ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಬಂದೂಕು ಇಟ್ಟುಕೊಂಡ ಅಪರಾಧಕ್ಕೆ ಫೆಡರಲ್ ಜೈಲಿನಲ್ಲಿದ್ದು 2016ರ ಮೇನಲ್ಲಿ ಅವರು ಹೊರಬಂದಾಗ ಚಟ ಬಿಟ್ಟಿದ್ದರು, ಮೈ ಇಳಿಸಿದ್ದರು. ಜುಲೈನಲ್ಲಿ ಹೊಸ ಆಲ್ಬಮ್, ಮರುವರ್ಷ ಆತ್ಮಕಥೆ. ಅವರು ಒಳಗಿದ್ದಾಗಲೂ ಹಳೆಯ ಧ್ವನಿಮುದ್ರಣಗಳಿಂದ ಅವರ ಹೆಸರಿನ ಹಾಡುಗಳು ಬರುತ್ತಲೇ ಇದ್ದವು, ಕೇಳುಗರು ಮರೆತಿರಲಿಲ್ಲ. ಹೊರಗೆ ನಂಬಿಕಸ್ಥರೊಬ್ಬರು ಅಂಗಡಿ ತೆರೆದಿಟ್ಟರೆ ಒಳಗಿದ್ದವನ ವೃತ್ತಿ ಸಾಯುವುದಿಲ್ಲ ಎಂಬುದು ಇದರ ಸರಳ ಪಾಠ. ಭಾರತದಲ್ಲೂ ಇದಕ್ಕೊಂದು ಕಾನೂನಿನ ಆಸರೆಯಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಹಾಡು ಬರೆದವರ ಮತ್ತು ರಾಗ ಹಾಕಿದವರ ರಾಯಧನದ ಹಕ್ಕನ್ನು ಗಟ್ಟಿ ಮಾಡಿದೆ. ರ‍್ಯಾಪರ್ ತನ್ನ ಹಾಡನ್ನು ತಾನೇ ಬರೆಯುತ್ತಾನೆ. ಐಪಿಆರ್‌ಎಸ್‌ನಲ್ಲಿ ಹೆಸರು ನೋಂದಾಯಿಸಿದ್ದರೆ ಅವನು ಒಳಗಿದ್ದಾಗಲೂ ಅವನ ಹಾಡು ಮನೆಯವರಿಗಾಗಿ ದುಡಿಯಬಲ್ಲದು. ಗಲ್ಲಿಯ ಹುಡುಗರಲ್ಲಿ ಎಷ್ಟು ಮಂದಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹಗುರದ್ದಲ್ಲ. ಏಟು ತಿಂದವರ ಗತಿಯೇನು? ಮೈಕ್ ಹಿಡಿದವನಿಗೆ ಸಾವಿರ ಜನ ಕೂಗುವಾಗ, ಅವನಿಂದ ನೊಂದವರು ಮನೆಯಲ್ಲಿ ಕೂತು ಆ ಕೂಗು ಕೇಳಬೇಕೇ? ಕೇರಳದಲ್ಲಿ 2025ರಲ್ಲಿ ಈ ಪ್ರಶ್ನೆ ಕಣ್ಣೆದುರೇ ಬಂತು. ರ‍್ಯಾಪರ್ ವೇಡನ್ ಏಪ್ರಿಲ್ 28ರಂದು ಆರು ಗ್ರಾಂ ಗಾಂಜಾ ಪ್ರಕರಣದಲ್ಲಿ ಬಂಧಿತರಾದರು, ಜೊತೆಗೆ ಚಿರತೆ ಹಲ್ಲಿನ ಪದಕದ ಬಗ್ಗೆ ಅರಣ್ಯ ಇಲಾಖೆಯ ಪ್ರಕರಣ. ಎರಡು ದಿನದಲ್ಲಿ ಜಾಮೀನು. ಮುಂದಿನ ವಾರವೇ ಇಡುಕ್ಕಿಯಲ್ಲಿ ಸರ್ಕಾರದ ಕಾರ್ಯಕ್ರಮದಲ್ಲೇ ಅವರು ಹಾಡಿದರು, ಜನ ಕಿಕ್ಕಿರಿದರು. ಜಾತಿಯ ಬಗ್ಗೆ ಹಾಡುವ ದಲಿತ ಯುವಕನನ್ನು ಸಣ್ಣ ಕಾರಣಕ್ಕೆ ಬೇಟೆಯಾಡಲಾಯಿತು ಎಂಬ ಭಾವನೆ ಅಲ್ಲಿತ್ತು. ಕೆಲವೇ ತಿಂಗಳಲ್ಲಿ ಅವರ ಮೇಲೆ ಅತ್ಯಾಚಾರದ ದೂರು ದಾಖಲಾಯಿತು, ಆಗಸ್ಟ್‌ನಲ್ಲಿ ಹೈಕೋರ್ಟ್ 'ನಿರೀಕ್ಷಣಾ ಜಾಮೀನು' ಕೊಟ್ಟಿತು. ನವೆಂಬರ್‌ನಲ್ಲಿ ರಾಜ್ಯದ ಚಲನಚಿತ್ರ ಪ್ರಶಸ್ತಿಯಲ್ಲಿ ಅವರು ಅತ್ಯುತ್ತಮ ಗೀತರಚನೆಕಾರ.

ಈ ಎರಡು ಪ್ರಕರಣಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ಎರಡೂ ಕಡೆಗೆ ಅನ್ಯಾಯ. ಆರು ಗ್ರಾಂ ಗಾಂಜಾಕ್ಕೆ ಒಬ್ಬನ ವೃತ್ತಿ ಮುಗಿಯಬೇಕು ಎನ್ನುವುದು ಕ್ರೌರ್ಯ. ಮೊದಲ ಪ್ರಕರಣದಲ್ಲಿ ಅವನ ಪರ ನಿಂತೆವಲ್ಲ ಎಂದು ಎರಡನೆಯದರಲ್ಲಿ ದೂರು ಕೊಟ್ಟ ಹೆಣ್ಣನ್ನು ಅನುಮಾನಿಸುವುದು ಇನ್ನೂ ದೊಡ್ಡ ಕ್ರೌರ್ಯ. ನ್ಯಾಯಾಲಯದ ಕೊನೆಯ ಮಾತು ಬರುವವರೆಗೆ ಆರೋಪ ಆರೋಪವೇ, ನಿಜ. ಅಲ್ಲಿಯವರೆಗೆ ದುಡಿಯುವ ಹಕ್ಕು ಇರಬೇಕು, ಅದೂ ನಿಜ. ಆದರೆ ದುಡಿಯುವ ಹಕ್ಕು ಬೇರೆ, ಸರ್ಕಾರದ ಸನ್ಮಾನ ಬೇರೆ. ಟಿಕೆಟ್ ಕೊಂಡು ಕೇಳುವವರಿದ್ದರೆ ಹಾಡಲಿ. ಸಾರ್ವಜನಿಕ ಹಣದ ಹಾರ-ತುರಾಯಿ ತೀರ್ಪಿನವರೆಗೆ ಕಾಯಬಹುದು. ಶಿಕ್ಷೆ ಮುಗಿಸಿ ಬಂದವರ ಮೇಲೂ ಒಂದು ಋಣ ಉಳಿಯುತ್ತದೆ. ನೊಂದವರ ಹೆಸರು, ಮುಖ, ನೋವು ಅವರ ಹಾಡಿನ ಬಂಡವಾಳ ಆಗಬಾರದು. ತನ್ನ ತಪ್ಪಿನ ಕಥೆ ಹೇಳಲು ಅವರಿಗೆ ಹಕ್ಕಿದೆ, ಇನ್ನೊಬ್ಬರ ಗಾಯ ತೋರಿಸಿ ಚಪ್ಪಾಳೆ ಕೇಳಲು ಇಲ್ಲ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು ನ್ಯಾಯಾಲಯದ ಅಂಗಳದ್ದು. ಜಾಮೀನಿನ ಷರತ್ತು ಹಾಕುವಾಗ ಆರೋಪಿಯ ವೃತ್ತಿ ಏನು ಎಂದು ಕೇಳುವುದು ರೂಢಿಯಾಗಬೇಕು. ಊರು ಬಿಡುವ ಮುನ್ನ ಪ್ರತಿ ಬಾರಿ ಅನುಮತಿ ಎಂಬುದರ ಬದಲು, ಎಲ್ಲಿಗೆ, ಎಷ್ಟು ದಿನ ಎಂದು ಮುಂಚೆ ತಿಳಿಸಿದರೆ ಸಾಕು ಎಂದರೆ ಬಹುಪಾಲು ಪ್ರಕರಣಗಳಲ್ಲಿ ತನಿಖೆಗೆ ನಷ್ಟವಿಲ್ಲ. ಷರತ್ತಿಗೂ ಮಿತಿಯಿದೆ ಎಂದು ಸುಪ್ರೀಂ ಕೋರ್ಟ್ ಈಗಾಗಲೇ ಹೇಳಿದೆ. ಆರೋಪಿ ತಾನಿರುವ ಜಾಗವನ್ನು ಗೂಗಲ್ ಮ್ಯಾಪಿನಲ್ಲಿ ಪೊಲೀಸರಿಗೆ ತೋರಿಸುತ್ತಿರಬೇಕು ಎಂಬ ಷರತ್ತನ್ನು 2024ರ ಜುಲೈನಲ್ಲಿ ಅದು ಖಾಸಗಿತನದ ಉಲ್ಲಂಘನೆ ಎಂದು ತಳ್ಳಿಹಾಕಿತು. ಅದೇ ತಿಂಗಳು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮೊದಲ ಬಾರಿ ಆರೋಪ ಹೊತ್ತವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಿಡುಗಡೆಗೆ ದಾರಿ ಮಾಡಿದೆ. ಜೀವಾವಧಿ, ಮರಣದಂಡನೆಯ ಅಪರಾಧಗಳಿಗೆ ಇದು ಅನ್ವಯಿಸದು. ಕಾನೂನು ಇದೆ, ಅದನ್ನು ಜೈಲಿನೊಳಗೆ ಹೋಗಿ ಓದಿ ಹೇಳುವವರು ಬೇಕು.

ಎರಡನೆಯದು ಶಾಸನಸಭೆಯದ್ದು. ಬ್ರಿಟನ್ನಿನಲ್ಲಿ 1974ರಿಂದ ಒಂದು ಕಾಯ್ದೆಯಿದೆ. ಗಂಭೀರವಲ್ಲದ ಅಪರಾಧಕ್ಕೆ ಶಿಕ್ಷೆ ಅನುಭವಿಸಿ, ಗೊತ್ತಾದ ಅವಧಿ ತಪ್ಪಿಲ್ಲದೆ ಕಳೆದರೆ, ಹಳೆಯ ಶಿಕ್ಷೆಯನ್ನು ಸಾಮಾನ್ಯ ಉದ್ಯೋಗದಾತರಿಗೆ ಹೇಳಬೇಕಿಲ್ಲ. ಭಾರತದಲ್ಲಿ ಬಾಲಾಪರಾಧಿಗಳ ದಾಖಲೆ ಅಳಿಸಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಪ್ರೊಬೇಷನ್ ಮೇಲೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಬಾರದೆಂದು 1958ರ ಕಾಯ್ದೆ ಹೇಳುತ್ತದೆ. ಹದಿನೆಂಟು ದಾಟಿ ಜೈಲು ಸೇರಿದವರಿಗೆ ಮಾತ್ರ ಅಂಥ ಸಾಮಾನ್ಯ ಕಾನೂನಿಲ್ಲ. ರಾಜಕಾರಣಿಗೆ ಆರು ವರ್ಷ ಎಂದು ಬರೆದ ಸಂಸತ್ತು ಉಳಿದವರಿಗೂ ಒಂದು ಸಂಖ್ಯೆ ಬರೆಯಬಹುದು.

ಮೂರನೆಯದು ಇನ್ನೂ ಚಿಕ್ಕದು, ನಾಳೆಯೇ ಆಗುವಂಥದ್ದು. ಜೈಲಿಗೆ ಹೋಗುವಾಗ ಕೈದಿಯ ಸಾಮಾನಿನ ಪಟ್ಟಿ ಮಾಡುತ್ತಾರೆ. ಹಾಗೆಯೇ ಅವನ ಫೋನ್ ನಂಬರು ಬದುಕಿರುವಂತೆ ನೋಡಿಕೊಳ್ಳಲು, ಖಾತೆಗಳನ್ನು ಮನೆಯವರೊಬ್ಬರಿಗೆ ಒಪ್ಪಿಸಲು ಜೈಲಿನ ಕಾನೂನು ನೆರವು ಕೇಂದ್ರ ಸಹಾಯ ಮಾಡಬಹುದು. ಬಿಡುಗಡೆಯಾಗುವಾಗ ಬಸ್ ಚಾರ್ಜಿನ ಜೊತೆಗೆ ಅವನ ಡಿಜಿಟಲ್ ಬದುಕಿನ ಬೀಗದ ಕೈಯೂ ಕೈಗೆ ಬರಬೇಕು. ಹಾಡುಗಾರನಿಗಷ್ಟೇ ಅಲ್ಲ, ಆನ್‌ಲೈನ್ ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಇದು ಅನ್ನದ ಪ್ರಶ್ನೆ. ಒಳಗೆ ಸ್ಪರ್ಧೆ ಏರ್ಪಡಿಸುವ ಜೈಲು ಇಲಾಖೆ ಹೊರಗಿನ ಒಂದು ಸ್ಟುಡಿಯೋ, ಒಂದು ಸಂಗೀತ ಶಾಲೆಯ ಜೊತೆ ಒಪ್ಪಂದ ಮಾಡಿಕೊಂಡರೆ ಗೆದ್ದವನಿಗೆ ಪ್ರಮಾಣಪತ್ರದ ಬದಲು ಒಂದು ವಿಳಾಸ ಸಿಕ್ಕೀತು. ಇದು ತಿಹಾರಿಗೆ ಎಷ್ಟು ಸರಿಯೋ ಪರಪ್ಪನ ಅಗ್ರಹಾರಕ್ಕೂ ಅಷ್ಟೇ ಸರಿ.

ಕೊನೆಯದು ಕೇಳುಗರ ಪಾಲು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬುದು ಹಳೆಯ ಅನುಭವದ ಮಾತು. ಈಗ ಕಲ್ಲಿನ ಜೊತೆಗೆ ಹೂಮಾಲೆಯೂ ಬೀಳುತ್ತದೆ, ಎರಡಕ್ಕೂ ಕಾರಣ ಅದೇ ಜೈಲು. ಒಬ್ಬ ಒಳಗಿದ್ದು ಬಂದ ಎಂಬ ಕಾರಣಕ್ಕೆ ಹಾಡನ್ನು ತಳ್ಳುವುದೂ, ಅದೇ ಕಾರಣಕ್ಕೆ ಹಾಡನ್ನು ಹೊಗಳುವುದೂ ಒಂದೇ ಸೋಮಾರಿತನದ ಎರಡು ರೂಪ. ಹಾಡು ಚೆನ್ನಾಗಿಲ್ಲದಿದ್ದರೆ ಜನ ಮುಂದಿನದಕ್ಕೆ ಹೋಗಲಿ. ಆ ಸೋಲನ್ನು ಯಾವ ಹಾಡುಗಾರನೂ ತಾಳಿಕೊಳ್ಳಬಲ್ಲ, ಅದು ಅವನ ವೃತ್ತಿಯದ್ದೇ ಸೋಲು. ಜೈಲಿನಿಂದ ಬಂದವನಿಗೆ ಸದ್ಯ ಸಿಗದೇ ಇರುವುದು ಹಾಗೆ ಮಾಮೂಲಿಯಾಗಿ ಸೋಲುವ, ಮತ್ತೆ ಹೊಸ ಹಾಡು ಬರೆಯುವ ಅವಕಾಶ. ಶಿಕ್ಷೆ ಮುಗಿಯಿತು ಎಂದು ಹೇಳಬಹುದಾದದ್ದು ಅದು ಸಿಕ್ಕ ದಿನ.